ಡಿಸ್ಕ್ ಕಾಯುತ್ತಿದ್ದ ನಸೀಮಾ ಮೇಡಂ

ಯಾರಾದರೂ ಅವಸರ ಮಾಡಿದರೆ ನಸೀಮಾ ಮೇಡಂ ಕೀಬೋರ್ಡಿನ ಮೇಲೆ ಎರಡೂ ಅಂಗೈ ಚಾಚಿ, ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಡುತ್ತಿದ್ದರು. ಎಂಬತ್ತರ ದಶಕದ ಕೊನೆ. ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಅವರೇ ಮುಖ್ಯಸ್ಥರು. ಪಕ್ಕದ ಟೈಮ್ ಆಫೀಸಿನಲ್ಲಿ ನಾನು ಟೈಪಿಸ್ಟ್.

ಶಹಾಬಾದಿನವರು. ಹತ್ತಿ ಸೀರೆ, ಬಾಯಲ್ಲಿ ಸದಾ ಒಂದು ಲವಂಗ. ಕರೆಂಟು ಹೋಗಿ ಬಂದರೆ ಸಾಕು, ಡಿಸ್ಕನ್ನು ಪರೀಕ್ಷಿಸದೆ ಮೌಂಟ್ ಮಾಡಲು, ಅಂದರೆ ಬಳಕೆಗೆ ತೆರೆಯಲು, ಬಿಡುತ್ತಿರಲಿಲ್ಲ. ಯಾವ ಫೈಲು ಎಲ್ಲಿದೆ, ಯಾವ ಜಾಗ ಖಾಲಿ ಎಂಬ ವಿವರವೂ ಡಿಸ್ಕಿನಲ್ಲೇ ಇರುತ್ತದೆ. ಕರೆಂಟು ಥಟ್ಟನೆ ಹೋದಾಗ ಕೆಡುವುದು ಅದೇ.

“ಇದು ಖಾಲಿ ಅದ ಅಂತ ಮಷೀನ್ ಹೇಳ್ತದ. ಖರೇನೇ ಖಾಲಿ ಅದೇನು, ಜರಾ ನೋಡಮ್ ತಡೀರಿ,” ಎನ್ನುತ್ತಿದ್ದರು. ಒಮ್ಮೆ ಜನರಲ್ ಮ್ಯಾನೇಜರೇ ಬಂದು ನಿಂತರು. ಮೇಡಂ ಕುರ್ಚಿ ಎಳೆದುಕೊಟ್ಟು, “ಕುಂದ್ರಿ ಸಾಹೇಬ್ರ, ಚಹಾ ತರಸ್ತೀನಿ,” ಎಂದರಷ್ಟೆ. ಪರೀಕ್ಷೆ ಮುಗಿಯುವವರೆಗೂ ಸಾಹೇಬರು ಕೂತೇ ಇದ್ದರು.

ಕಲ್ಲುಗಣಿಯ ಗುತ್ತಿಗೆ ಕೂಲಿಗಳ ಹಾಜರಿಯನ್ನು ಆ ವರ್ಷ ಮೇಡಂ ತಾವೇ ಹಟ ಹಿಡಿದು ಕಂಪ್ಯೂಟರಿಗೆ ಏರಿಸಿದ್ದರು. ಅದನ್ನು ನೋಡಿಯೇ ಕೂಲಿಗಳನ್ನು ಕಾಯಂ ಮಾಡುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಚಂದಾಪುರದಲ್ಲಿ ಅವರ ಅಣ್ಣನ ಮಗಳ ಮದುವೆ ಬಂತು. ಹೊರಡುವಾಗ, ತಾವಿಲ್ಲದಾಗ ಕೋಣೆ ನೋಡಿಕೊಳ್ಳಬೇಕಿದ್ದ ಹೊಸ ಅಧಿಕಾರಿಗೆ ಹೇಳಿದರು: “ಕರೆಂಟ್ ಹೋದ್ರ ಮೊದಲ ಚೆಕ್ ಮಾಡಸ್ರಿ. ಒಂದ್ ತಾಸು ಹೋಗ್ತದ, ಹೋಗ್ಲಿ.”

ಮರುದಿನವೇ ಕರೆಂಟು ಹೋಗಿ ಬಂತು. ಮಧ್ಯಾಹ್ನದೊಳಗೆ ಮುಂಬಯಿಯ ಹೆಡ್ಡಾಫೀಸಿಗೆ ವರದಿ ಹೋಗಬೇಕಿತ್ತು. ಆಪರೇಟರ್ ಬಸವರಾಜ, “ಮೇಡಂ ಹೇಳ್ಯಾರ್ರಿ, ಚೆಕ್ ಆಗಬೇಕ್ರಿ,” ಎಂದ.

“ಮೇಡಂ ಇಲ್ಲಲ್ಲ. ಮೌಂಟ್ ಮಾಡ್ರಿ,” ಎಂದರು ಅಧಿಕಾರಿ.

ವರದಿ ವೇಳೆಗೆ ಸರಿಯಾಗಿ ಹೋಯಿತು. ಆದರೆ ತುಂಬಿದ ಜಾಗವನ್ನು ಖಾಲಿಯೆಂದು ನಂಬಿದ ಯಂತ್ರ ಕೂಲಿಗಳ ಹಾಜರಿಯ ಮೇಲೆಯೇ ಹೊಸದನ್ನು ಬರೆದಿತ್ತು. ಟೇಪಿನ ನಕಲು ಹಳೆಯದು, ಅದರಲ್ಲಿ ಅವರ ಹೆಸರುಗಳೇ ಇರಲಿಲ್ಲ. ಕಾಗದದ ಹಾಜರಿ ಕೇಳಿದರೆ ಗುತ್ತೇದಾರ ಇಲ್ಲವೆಂದು ಕೈ ಅಲ್ಲಾಡಿಸಿಬಿಟ್ಟ.

ಮೇಡಂ ಮದುವೆಯಿಂದ ಬಂದವರೇ, ಯಾರು ಎಷ್ಟು ದಿನ ದುಡಿದರೆಂದು ಕೇಳಿ ಬರೆದುಕೊಳ್ಳಲು ಗಣಿಯ ಗುಡಿಸಲುಗಳಿಗೆ ಹೋದರು. ಜೊತೆಗೆ ನಾನೂ ಇದ್ದೆ. ಶಿವಮ್ಮ ಎಂಬ ಕೂಲಿ ಹೆಂಗಸು ಕೇಳಿದಳು: “ನಾ ದಿನಾ ಬಂದೀನಲ್ರೀ ಅಕ್ಕ, ನಿಮ್ಮ ಮಷೀನಿಗಿ ಗೊತ್ತಿತ್ತಲ್ಲ?”

“ಗೊತ್ತಿತ್ತವ್ವ. ಈಗಿಲ್ಲ,” ಎಂದರು ಮೇಡಂ.

ಜನರ ನೆನಪನ್ನು ಕಂಪನಿ ದಾಖಲೆಯೆಂದು ಒಪ್ಪಲಿಲ್ಲ, ಕಾಯಂ ಮಾಡುವ ಮಾತು ನಿಂತುಹೋಯಿತು. ಅಧಿಕಾರಿಗೆ ಬಡ್ತಿಯಾಗಿ ಬೇರೆ ಊರಿಗೆ ವರ್ಗವಾಯಿತು. ಮೇಡಂ ಕೆಲಸ ಬಿಟ್ಟರು.

ಕೆಲವು ವರ್ಷಗಳ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಕುಶಲ ಕೇಳುವ ಮೊದಲೇ, “ಶಿವಮ್ಮಂದು ಕಾಯಂ ಆಯ್ತೇನ್ರಿ?” ಎಂದರು.

“ಇಲ್ರಿ. ಗಣಿ ಮುಚ್ತು. ಪುಣೆ ಕಡಿ ದುಡಿಲಿಕ್ಕಿ ಹೋದ್ಳಂತ.”

“ನಾ ಮದಿವಿಗಿ ಹೋಗಬಾರದಿತ್ತು,” ಎಂದರು.

“ತಪ್ಪು ನಿಮ್ಮದಲ್ಲರಿ ಮೇಡಂ,” ಎಂದೆ.

“ಅದು ನಂಗೂ ಗೊತ್ತದ,” ಎಂದು ಚೀಲ ಎತ್ತಿಕೊಂಡರು. ರೈಲು ಬಂದಿತ್ತು. ಆಮೇಲೆ ಅವರನ್ನು ನಾನು ನೋಡಲಿಲ್ಲ.