ಅಡ್ಡ ಕೂತ ಶಿವಗಂಗಮ್ಮ

ದುದ್ದದ ಆಚೆ ಕಲ್ಲು ಒಡೆಯುವವರ ಕಾಲೋನಿಯಲ್ಲಿ ಶಿವಗಂಗಮ್ಮ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ದೇವಿಗೆ ಕೈ ಮುಗಿಯದೆ ಬಸುರಿಯನ್ನು ಮುಟ್ಟಿದವಳಲ್ಲ. ಆದರೆ ನರ್ಸ್ ಪ್ರೇಮಕುಮಾರಿಯ ಸ್ಕೂಟರ್ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಅಡ್ಡ ಕೂತುಬಿಡುತ್ತಿದ್ದಳು.

ಮೊಮ್ಮಗಳು ರಂಜಿತಾಗೆ ಚೊಚ್ಚಲು, ಒಂಬತ್ತು ತುಂಬಿತ್ತು. ಸ್ಕ್ಯಾನಿಂಗ್ ವರದಿ ನೋಡಿದ ಪ್ರೇಮಕುಮಾರಿ, "ಮಗು ಅಡ್ಡ ಮಲಗಿದೆ ಅಜ್ಜಿ. ಹಾಸನಕ್ಕೆ ಹೋಗ್ಬೇಕು, ಆಪರೇಷನ್ ಮಾಡ್ತಾರೆ" ಎಂದಳು.

"ಚೊಚ್ಚಲಿಗೇ ಆಪ್ರೇಸನ್ನಾ? ಊರೊಳಗಿನ ಗೌಡ್ರ ಸೊಸೇರ್ಗೂ ಇಂಗೇ ಯೇಳ್ತೀಯೇನವ್ವಾ? ಓಗೋಗು, ನಿನ್ ಟಾರ್ಗೆಟ್ಟು ಬೇರೆ ಕಡೆ ಮುಗುಸ್ಕೊ."

ಕಾಲೋನಿಯಲ್ಲಿ ಆಪರೇಷನ್ ಎಂದರೆ ಒಂದೇ ಅರ್ಥ, ಮಕ್ಕಳಾಗದಂತೆ ಮಾಡುವುದು; ನರ್ಸುಗಳಿಗೆ ವರ್ಷಕ್ಕೆ ಇಷ್ಟು ಎಂದು ಟಾರ್ಗೆಟ್ ಇರುವುದೂ ಅದಕ್ಕೇ. ರಂಜಿತಾಳ ತಾಯಿಗೆ ಎರಡನೇ ಹೆರಿಗೆಯಲ್ಲಿ, ಏನೂ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡು, ಅದನ್ನು ಮಾಡಿ ಕಳಿಸಿದ್ದರು. ಆ ಕೂಸು ತಿಂಗಳೊಳಗೆ ತೀರಿಕೊಂಡಿತು. ಆಮೇಲೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ.

ಪ್ರೇಮಕುಮಾರಿ ಹೋಗಲಿಲ್ಲ. ಶಿವಗಂಗಮ್ಮನ ಎದುರಿಗೇ ನೆಲದ ಮೇಲೆ ಕೂತಳು. "ನನ್ನ ಮಾತು ಬಿಡಿ. ನಿಮ್ಮ ಕೈ ಏನ್ ಹೇಳುತ್ತೆ?"

ಮುದುಕಿ ತಿರುಗಿ ಮೊಮ್ಮಗಳ ಹೊಟ್ಟೆ ನೋಡಿದಳು. ಕೂಸಿನ ತಲೆ ಪಕ್ಕೆಯಲ್ಲಿ ಕೈಗೆ ಸಿಗುತ್ತಿರುವುದು ಅವಳಿಗೂ ಗೊತ್ತಿತ್ತು. "ಅಡ್ಡ ಅದೆ ಕಣವ್ವಾ. ಆದ್ರೆ ಕೂಸು ತಗ್ದು, ಅಂಗೇ ಅದುನ್ನೂ ಮಾಡ್ಬುಟ್ರೆ?"

ತಾನಾಡಿದ ಮಾತು ಎಲ್ಲಿ ಚುಚ್ಚಿತು ಎಂದು ಪ್ರೇಮಕುಮಾರಿಗೆ ಆಗ ತಿಳಿಯಿತು. ಎರಡೂ ಬೇರೆ ಬೇರೆ ಎಂದು ಬಿಡಿಸಿ ಹೇಳಿ, ಹಾಳೆಯ ಮೇಲೆ ಬರೆದಳು: 'ಹೊಟ್ಟೆ ಕೊಯ್ದು ಮಗು ತೆಗೆಯಲು ಮಾತ್ರ ಒಪ್ಪಿಗೆ. ಮಕ್ಕಳಾಗದಂತೆ ಮಾಡಲು ಒಪ್ಪಿಗೆ ಇಲ್ಲ.' ರಂಜಿತಾ ಗಟ್ಟಿಯಾಗಿ ಓದಿ ಸಹಿ ಹಾಕಿದಳು.

"ಇವ್ಳೇನು, ನೀ ಯೇಳ್ಕೊಟ್ಟಂಗೆ ಓದ್ತಾಳೆ" ಎಂದ ಶಿವಗಂಗಮ್ಮ ಚೀಟಿಯನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

ಹಾಸನದ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಓದಿಸಿದಳು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರನ ಕೈಲಿ ಓದಿಸಿದಳು. ಅವನೂ ಅದನ್ನೇ ಓದಿದಾಗ, "ಎಲ್ರೂ ಒಂದೇ ಆಗವ್ರೋ ಏನೋ" ಎಂದು ಗೊಣಗುತ್ತಾ ಡಾಕ್ಟರ ಮುಂದೆ ಚೀಟಿ ಹಿಡಿದಳು. "ಜೋರಾಗಿ ಓದಿ ಸಾ."

ಡಾಕ್ಟರು ಓದಿದರು, ರಂಜಿತಾಳನ್ನು ಮತ್ತೊಮ್ಮೆ ಕೇಳಿದರು, ಚೀಟಿಯನ್ನು ಫೈಲಿಗೆ ಪಿನ್ ಮಾಡಿದರು.

ಹೆಣ್ಣು ಕೂಸು ಹುಟ್ಟಿತು. ಡಿಸ್ಚಾರ್ಜ್ ದಿನ ಕೊಟ್ಟ ಇಂಗ್ಲಿಷ್ ಕಾಗದವನ್ನು ಶಿವಗಂಗಮ್ಮ ನರ್ಸಿಗೆ ತೋರಿಸಲಿಲ್ಲ, ಪಕ್ಕದ ಮಂಚದ ಬಾಣಂತಿಯನ್ನು ನೋಡಲು ಮಲ್ಲಿಪಟ್ಟಣದಿಂದ ಬಂದಿದ್ದ ಕಾಲೇಜು ಹುಡುಗಿ ಧನ್ಯಾಗೆ ಕೊಟ್ಟಳು.

"ಮಗು ತೆಗ್ದಿರೋದು ಅಷ್ಟೇ ಅಜ್ಜಿ. ಬೇರೇನೂ ಮಾಡಿಲ್ಲ."

"ಕೊನೇಲಿ ಏನೋ ಗೀಚವ್ರಲ್ಲವ್ವಾ?"

"ಅದು ಡಾಕ್ಟ್ರು ಸೈನು!"

ಆಗ ಮರಿಮೊಮ್ಮಗಳನ್ನು ಮಡಿಲಿಗೆ ಎತ್ತಿಕೊಂಡಳು.

ಈಗಲೂ ಕಾಲೋನಿಯಲ್ಲಿ ಯಾರಿಗಾದರೂ ತಿಂಗಳು ತುಂಬಿದರೆ ಶಿವಗಂಗಮ್ಮ ಬಾಗಿಲಿಗೆ ಅಡ್ಡ ಕೂರುತ್ತಾಳೆ. ಪ್ರೇಮಕುಮಾರಿ ಸ್ಕೂಟರ್ ನಿಲ್ಲಿಸುವ ಮೊದಲೇ ಕೇಳುತ್ತಾಳೆ, "ಚೀಟಿ ಬರ್ಕಂಡ್ ಬಂದಿದ್ದೀಯಾ? ಓದು, ಕೇಳ್ತೀನಿ."