ಅರ್ಧ ಲೀಟರ್ ಎಲ್ಲಿ ಹೋಯಿತು?

ಬೆಳಗಿನ ಆರು ಗಂಟೆ. ಬೋಗುಣಿ ಅಕ್ಕ ಕಾರಿನ ಬಾನೆಟ್ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವವರ ಹಾಗೆ ನಿಂತಿದ್ದಾರೆ. ರಾತ್ರಿಯಿಡೀ ನಿಂತ ಕಾರು ತಣ್ಣಗಿರದೆ ಇನ್ನೇನು ಎಂದು ಕೇಳುತ್ತೇನೆ. ಅವರು ಮುಂಗೈಯ ಸುಟ್ಟ ಕಲೆ ತೋರಿಸುತ್ತಾರೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದದ್ದರ ಗುರುತು ಅದು. ಅದಕ್ಕೇ ಇವರ ಕೆಲಸವೆಲ್ಲ ಬೀದಿ ಏಳುವ ಮೊದಲು.

ಎಂಜಿನ್ ಕಾಯದಂತೆ ಅದರೊಳಗೆ ಸುತ್ತುವ ಬಣ್ಣದ ದ್ರವವೇ ಕೂಲೆಂಟ್. ಅದು ಹಳತಾದಾಗ ಬಸಿದು ಹೊಸದು ತುಂಬಬೇಕು. ಬಿಳಿ ಬೋಗುಣಿ, ಅಳತೆಯ ಜಗ್ಗು, ಎರಡು ಕ್ಯಾನು ಹಿಡಿದು ಮನೆಮನೆಗೆ ಹೋಗಿ ಅದನ್ನು ಮಾಡುವುದು ಐವತ್ತೆರಡರ ಈ ಅಕ್ಕನ ಕಸುಬು; ಬೋಗುಣಿ ಅಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ದಿನಕ್ಕೆ ಎರಡು ಮನೆ, ಭಾನುವಾರ ನಾಲ್ಕು. ಮೊದಲು ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುತ್ತಿದ್ದರು. "ಯಾರೂ ಕಲಿಸ್ಲಿಲ್ಲ. ನೋಡ್ಬೇಡ ಅಂತ ಯಾರೂ ಓಡಿಸ್ಲೂ ಇಲ್ಲ" ಎನ್ನುತ್ತಾರೆ. ಕಾರೆಂದರೆ ಕೀಲಿ ತಿರುಗಿಸುವುದು ಎಂದಷ್ಟೇ ತಿಳಿದಿದ್ದ ನಾನು ಅವರ ಬಗ್ಗೆ ಬರೆಯಲೆಂದು ಹಿಂದೆ ಹಿಂದೆಯೇ ಸುತ್ತುತ್ತಿದ್ದೇನೆ.

ಇವತ್ತಿನ ಮನೆ ಸ್ವಂತ ತಂಗಿಯದು. ಆರು ವರ್ಷದ ಹಿಂದೆ ಇದೇ ಅಂಗಳದಲ್ಲಿ, ಇದೇ ಕಾರಿನಿಂದ ಬಸಿದದ್ದನ್ನು ನಲ್ಲಿಯ ಹತ್ತಿರ ಬಿಟ್ಟು ಅಕ್ಕ ಟೀ ಕುಡಿಯಲು ಒಳಗೆ ಹೋಗಿದ್ದರು. ಮನೆಯ ನಾಯಿ ಅದನ್ನು ನೆಕ್ಕಿತು. ಮೂರನೇ ದಿನ ಸತ್ತಿತು. "ವಿಷ ಕಹಿಯಾಗಿದ್ರೆ ಇಷ್ಟು ಭಯ ಇರ್ತಿರ್ಲಿಲ್ಲ. ಇದು ಸಿಹಿ ನೋಡಿ" ಎಂದು ಅಕ್ಕ ತಲೆ ತಗ್ಗಿಸುತ್ತಾರೆ. ಅಂದಿನಿಂದ ತಂಗಿ ಮಾತು ಬಿಟ್ಟರು. ಕಾರನ್ನೂ ಯಾರ ಕೈಗೂ ಕೊಡಲಿಲ್ಲ, ಬರೀ ನೀರು ಸೇರಿಸುತ್ತ ಓಡಿಸಿದರು. ಈಗ ಎಂಜಿನ್ ಕಾಯತೊಡಗಿದೆ. ಮೊನ್ನೆ ಫೋನು ಮಾಡಿ ಕೇಳಿದ್ದು ಒಂದೇ ಮಾತು, "ಬರ್ತೀಯಾ?"

ಹೊಸ ನಾಯಿಯೊಂದು ಬಂದಿದೆ, ಕಂದು ಬಣ್ಣದ್ದು; ಅದರ ನೀರಿನ ಬಟ್ಟಲು ಕಾರಿನ ಪಕ್ಕವೇ ಇದೆ. ಅದನ್ನು ಗೇಟಿಗೆ ಕಟ್ಟಿ ತಂಗಿ ಮೆಟ್ಟಿಲ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಾರೆ.

ಎಷ್ಟು ಲೀಟರ್ ತುಂಬಿದೆ ಎಂದು ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಬರೆಯುವುದು ಅಕ್ಕನ ಹಳೆಯ ರೂಢಿ. ಇಲ್ಲಿ ಇನ್ನೂ 'ಐದು' ಎಂದಿದೆ. ಹೊರಬಂದದ್ದನ್ನೂ ಅಳೆದು ತಾಳೆ ನೋಡುವುದು ಶುರುವಾದದ್ದು ಆ ನಾಯಿ ಸತ್ತ ಮೇಲೆ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ನಂದೂ ಅದೇ" ಎನ್ನುತ್ತಲೇ ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸುತ್ತಾರೆ. ಹಸಿರಿರಬೇಕಾದದ್ದು ತುಕ್ಕಿನ ಬಣ್ಣದಲ್ಲಿ ಬೋಗುಣಿಗೆ ಬೀಳುತ್ತದೆ.

ಎಲ್ಲ ಬಸಿದ ಮೇಲೆ ಪೈಪು ನೋಡಲು ಅಕ್ಕ ಕಾರಿನಡಿ ತೂರುತ್ತಾರೆ. ತಂಗಿ ಹಾಲಿನ ಒಲೆ ಆರಿಸಲು ಒಳಗೆ ಹೋಗುತ್ತಾರೆ. ನಾನೋ, ಎಂಜಿನ್ನಿನೊಳಗೆ ತಲೆ ಹಾಕಿ ಲೋಕ ಮರೆತಿದ್ದೇನೆ. ತಿರುಗಿ ನೋಡಿದರೆ ಕೊರಳಪಟ್ಟಿ ಕಳಚಿಕೊಂಡ ನಾಯಿ ಬೋಗುಣಿಯ ಪಕ್ಕ ಕೂತು ಬಾಯಿ ಚಪ್ಪರಿಸುತ್ತಿದೆ. ಅಕ್ಕ ಕಾರಿನಡಿಯಿಂದ ಹೊರಬಂದು ಬೋಗುಣಿಯಲ್ಲಿದ್ದದ್ದನ್ನು ಜಗ್ಗಿನಿಂದ ಅಳೆಯುತ್ತಾರೆ. ನಾಲ್ಕೂವರೆ ಲೀಟರ್, ಅರ್ಧ ಕಡಿಮೆ.

ಬಾಗಿಲಲ್ಲಿ ನಿಂತ ತಂಗಿ "ಮತ್ತೆ ಅದೇ ಆಯ್ತಲ್ಲ ಅಕ್ಕ" ಎನ್ನುತ್ತಾರೆ.

"ನಿಮ್ಮ ಗಾಡಿ ಶುರು ಮಾಡಿಟ್ಕೊಳ್ಳಿ. ಡಾಕ್ಟ್ರ ಹತ್ರ ಹೋಗ್ಬೇಕಾದ್ರೆ ಒಂದು ನಿಮಿಷನೂ ತಡ ಆಗ್ಬಾರ್ದು" ಎಂದು ಅಕ್ಕ ನನಗೆ ಹೇಳಿ, ಬಿಳಿ ಬಟ್ಟೆಯಿಂದ ನಾಯಿಯ ಮೂತಿ ಒರೆಸುತ್ತಾರೆ. ಬಟ್ಟೆಗೆ ತುಕ್ಕಿನ ಬಣ್ಣ ಹತ್ತಿಲ್ಲ. ಮತ್ತೆ ಕಾರಿನಡಿ ಹೋಗಿ, ಎಂಜಿನ್ನಿನ ಕೆಳಗಿರುವ ಪ್ಲಾಸ್ಟಿಕ್ ಹೊದಿಕೆಯ ಎರಡು ಕೊಂಡಿ ಬಿಚ್ಚಿ ವಾಲಿಸುತ್ತಾರೆ. ಬಸಿಯುವಾಗ ಅದರ ಗುಳಿಗೆ ಹರಿದು ನಿಂತಿದ್ದ ಕೂಲೆಂಟ್ ಜಗ್ಗಿಗೆ ಸುರಿಯುತ್ತದೆ. ಅರ್ಧ ಲೀಟರಿನ ಗೆರೆ ಮುಟ್ಟಿ ನಿಲ್ಲುತ್ತದೆ.

ತಂಗಿ ತಾವೇ ಬಂದು ಬಗ್ಗಿ ಆ ಗೆರೆ ನೋಡುತ್ತಾರೆ. ನಾಯಿ ಕುಡಿದದ್ದು ಪಕ್ಕದ ತನ್ನ ಬಟ್ಟಲಿನ ನೀರು. ಆದರೂ ಸಂಜೆಯವರೆಗೆ ಅದರ ಮೇಲೆ ಒಂದು ಕಣ್ಣಿಡು ಎನ್ನುತ್ತಾರೆ ಅಕ್ಕ.

ಮುಂದಿನದು ಸಲೀಸು. ಒಳಗನ್ನು ತೊಳೆದು, ಕೂಲೆಂಟಿಗೆ ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರು ಬೆರೆಸಿ ತುಂಬುತ್ತಾರೆ. ಮುಚ್ಚಳ ತೆರೆದಿಟ್ಟೇ ಎಂಜಿನ್ ಶುರು ಮಾಡಿ, ಹೀಟರನ್ನು ಪೂರ್ತಿ ಹಚ್ಚುತ್ತಾರೆ. ಗುಳುಗುಳು ಗುಳ್ಳೆ ಏಳುತ್ತದೆ. ಅದು ಒಳಗೆ ಸಿಕ್ಕಿಕೊಂಡ ಗಾಳಿಯಂತೆ; ಹೊರಗೆ ಹೋಗದಿದ್ದರೆ ಎಂಜಿನ್ ಮತ್ತೆ ಕಾಯುತ್ತದಂತೆ. ಗುಳ್ಳೆ ನಿಲ್ಲುವವರೆಗೆ ಅಕ್ಕತಂಗಿಯರಿಬ್ಬರೂ ಬಗ್ಗಿ ನೋಡುತ್ತಲೇ ಇರುತ್ತಾರೆ. ನೆಲದ ಹನಿಗಳಿಗೆ ಮರದ ಹೊಟ್ಟು ಹಾಕಿ ಗುಡಿಸಿ, ಮೂರು ಸಲ ಒರೆಸುತ್ತಾರೆ. ಹಳೆಯದೆಲ್ಲ ಕ್ಯಾನಿಗೆ. ಅದು ಗ್ಯಾರೇಜಿನ ಪೀಪಾಯಿಗೇ ಹೋಗಬೇಕು, ಚರಂಡಿಗಲ್ಲ.

ನಿಮಗೇನು ಆಸೆ ಎಂದು ಕೊನೆಗೆ ಕೇಳುತ್ತೇನೆ. ಅಕ್ಕ ಬಾನೆಟ್ಟಿನೊಳಗೆ ಹಳೆಯ ಐದರ ಕೆಳಗೆ ಹೊಸ ಐದು ಬರೆಯುತ್ತ ಹೇಳುತ್ತಾರೆ, "ದೊಡ್ಡದೇನಿಲ್ಲ. ಮುಂದಿನ ಸಲಾನೂ ಇವಳು ನನ್ನೇ ಕರೀಲಿ."

ತಂಗಿ ಗೇಟಿನ ಹತ್ತಿರ ಹೋಗಿ, ಮತ್ತೆ ಕಟ್ಟಿಹಾಕಿದ್ದ ನಾಯಿಯ ಹಗ್ಗವನ್ನು ತಮ್ಮ ಕೈಯಾರೆ ಬಿಚ್ಚುತ್ತಾರೆ. ಅದು ನೇರ ಬಂದು ಅಕ್ಕನ ಕಾಲು ಮೂಸುತ್ತದೆ. ಅಕ್ಕ ಕ್ಯಾನಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿ, ಆಮೇಲೆ ಅದರ ತಲೆ ಮುಟ್ಟುತ್ತಾರೆ.