ಎಕ್ಸ್‌ರೇ ಕೋಣೆಯ ಬೆಟ್ಟಮ್ಮ

ಯಲಿಯೂರಿನ ಬೆಟ್ಟಮ್ಮ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಓದು ಬರಹವಿಲ್ಲ, ಆದರೆ ಕಂಡದ್ದನ್ನು ಕೇಳಿ ತಿಳಿಯುವ ತನಕ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. 1974ರಲ್ಲಿ ಅಲ್ಲಿಗೆ ಎಕ್ಸ್‌ರೇ ಯಂತ್ರ ಬಂತು. ಅದನ್ನು ನಡೆಸುವ ಯೋಗಾನರಸಿಂಹ ಅಷ್ಟು ಭಾರದ ಏಪ್ರನ್ ಯಾಕೆ ತೊಡುತ್ತಾನೆಂದು ವಾರಗಟ್ಟಲೆ ಕಾಡಿದಳು. ಒಳಗೆ ಸೀಸದ ಹಾಳೆಯಿದೆ, ಕಿರಣ ಅದನ್ನು ದಾಟದು, ದಿನಾ ಮೈಗೆ ತಾಕಿದರೆ ಕೆಡುಕು ಎಂದು ಅವನು ವಿವರಿಸಿದ. ಹಾಗಾದರೆ ಯಂತ್ರದಡಿ ಮಲಗಿದವರಿಗೆ ಎಂದು ಅವಳು ಕೇಳಿದಳು. ಅವರು ಎಂದೋ ಒಮ್ಮೆ ಬರುವವರು, ಆದರೆ ಬಸುರಿಯರ ಹೊಟ್ಟೆಗೆ ತಾಕಬಾರದು ಎಂದ.

ಆ ವರ್ಷವೇ ಕೊಪ್ಪದ ಮಂಗಳಮ್ಮ ಕಬ್ಬಿನ ಗಾಡಿಯಿಂದ ಬಿದ್ದು ಮಂಡಿಯ ಕೀಲು ಮುರಿದುಕೊಂಡು ಬಂದಳು. ಮೂಳೆಗೆ ಸ್ಕ್ರೂ ಹಾಕಬೇಕು; ಅದು ಸರಿಯಾಗಿ ಕೂತಿದೆಯೇ ಎಂದು ಆಪರೇಷನ್ನಿನ ನಡುನಡುವೆ ಎಕ್ಸ್‌ರೇ ತೆಗೆದು ನೋಡಬೇಕು. ಬಸುರಿಯೇ ಎಂದು ಡಾಕ್ಟರು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು. ಪಕ್ಕದಲ್ಲಿ ಮಾವ ಚೌಡಯ್ಯ ನಿಂತಿದ್ದ.

ಬೆಟ್ಟಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಮಾವನೆದುರು ಯಾವ ಸೊಸೆ ಬಾಯಿ ಬಿಟ್ಟಾಳು? ಅದೂ ಅಲ್ಲದೆ ದೃಷ್ಟಿಯಾದೀತೆಂದು ಮೂರು ತಿಂಗಳು ತುಂಬುವ ತನಕ ಹೇಳುವ ವಾಡಿಕೆಯೇ ಇಲ್ಲ. ಚೌಡಯ್ಯನನ್ನು ಕಾಫಿಗೆ ಕಳಿಸಿ, ಸೀರೆ ಬದಲಿಸುವ ನೆಪದಲ್ಲಿ ಪರದೆ ಎಳೆದಳು.

“ಮುಟ್ಟಾಗಿ ಎಷ್ಟ್ ದಿನ ಆಯ್ತು, ಮಗಾ?”

ಮಂಗಳಮ್ಮ ಗೋಡೆಯ ಕಡೆ ತಿರುಗಿದಳು. “ಎಲ್ಡ್ ತಿಂಗ್ಳಾಯ್ತು. ಯಾರ್ಗೂ ಯೋಳ್ಬ್ಯಾಡ ಕಣಮ್ಮ. ಓದ್ಸಲ ಯೋಳ್ಕಂಡಿದ್ಕೇ ಬಸ್ರು ಇಳ್ದೋಯ್ತು.”

“ಊರ್ಗೆ ಯೋಳಲ್ಲ. ಡಾಕ್ಟ್ರಿಗೆ ಯೋಳ್ದೆ ಬುಡಕಾಗಲ್ಲ. ಕಣ್ಣಾಕಕೆ ಅವ್ರಿಗೆ ಪುರುಸೊತ್ತು ಎಲ್ಲಿ ಅದೆ?”

ಬೆಟ್ಟಮ್ಮ ಹೋಗಿ ಡಾಕ್ಟರಿಗೆ ಹೇಳಿದಳು. ಆಪರೇಷನ್ ಬಿಟ್ಟರೆ ಕಾಲು ಮತ್ತೆ ಮಡಚದು. ಏಳೆಂಟು ಎಕ್ಸ್‌ರೇ ತೆಗೆಸುತ್ತಿದ್ದ ಡಾಕ್ಟರು ಮೂರರಲ್ಲೇ ಮುಗಿಸುವುದೆಂದರು. ಕಿರಣ ಮಂಡಿಯಷ್ಟಕ್ಕೇ ಬೀಳುವಂತೆ ಯಂತ್ರದ ಬಾಯಿಯನ್ನು ಕಿರಿದು ಮಾಡಿಸಿದರು. ಯೋಗಾನರಸಿಂಹ ತನ್ನ ಏಪ್ರನ್ನನ್ನೇ ಬಿಚ್ಚಿ ಅವಳ ಹೊಟ್ಟೆಗೆ ಹೊದಿಸಿ, ತಾನು ಯಂತ್ರದ ಉದ್ದದ ತಂತಿ ಹಿಡಿದು ಗೋಡೆಯಾಚೆ ನಿಂತು ಅದರ ತುದಿಯ ಗುಂಡಿ ಒತ್ತಿದ. ಒತ್ತಿದಾಗಲೆಲ್ಲ ಬೆಟ್ಟಮ್ಮ ದೇವರನ್ನು ನೆನೆದು ಒಂದೊಂದು ಬೆರಳು ಮಡಚಿದಳು. ನಾಲ್ಕನೆಯದು ಮಡಚಬೇಕಾಗಲಿಲ್ಲ.

ಆದರೂ ಮಗುವಿಗೆ ಏನೂ ಆಗಿಲ್ಲವೆಂದು ಹೆರಿಗೆಯಾಗುವ ತನಕ ಹೇಳುವಂತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಚೌಡಯ್ಯ ಬೆಲ್ಲದ ಅಚ್ಚು ಹಿಡಿದು ಬಂದ. ಹೆಣ್ಣು ಮಗು, ತಾಯಿ ಓಡಾಡಿಕೊಂಡಿದ್ದಾಳೆ ಎಂದ. ಕಣ್ಣು, ಕಿವಿ, ಕೈಕಾಲು ಎಂದು ಬೆಟ್ಟಮ್ಮ ಒಂದೊಂದಾಗಿ ವಿಚಾರಿಸಿದಳು.

“ಎಲ್ಲಾ ನೆಟ್ಗದೆ ಕಣಮ್ಮ. ನಿನ್ ಮೊಮ್ಮಗೂನೇನೋ ಅನ್ನಂಗೆ ಕೇಳ್ತಿಯಲ್ಲ,” ಎಂದ ಚೌಡಯ್ಯ.

ಅಷ್ಟಕ್ಕೂ ಬಿಡದೆ, ಅಳು ಜೋರಾಗಿದೆಯೇ ಎಂದು ಅವಳು ಕೇಳಿದಳು.